ಬೆಳಕು ಮುಟ್ಟುವಷ್ಟು ದೂರ

2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮೆಡಿಕಲ್ ಸ್ಟೋರುಗಳ ಮುಂದೆ ಚೀಟಿ ಹಿಡಿದು ನಿಂತವರೆಲ್ಲ ಒಂದೇ ಹೆಸರು ಕೇಳುತ್ತಿದ್ದರು: ಲೈಪೊಸೋಮಲ್ ಆಂಫೊಟೆರಿಸಿನ್-ಬಿ. ಕೋವಿಡ್ ಗೆದ್ದು ಮನೆ ಸೇರಿದವರಿಗೆ ಕಪ್ಪು ಶಿಲೀಂಧ್ರ ತಗುಲಿ, ಮೂಗಿನಿಂದ ಅಂಗುಳಕ್ಕೆ, ಅಲ್ಲಿಂದ ಕಣ್ಣಿಗೆ ಏರುತ್ತಿದ್ದ ದಿನಗಳವು. ಬೌರಿಂಗ್ ಆಸ್ಪತ್ರೆಯನ್ನು ಈ ಕಾಯಿಲೆಗೆಂದೇ ಸಜ್ಜು ಮಾಡಿದ್ದರು. ಔಷಧಿಯ ಉದ್ದನೆಯ ಹೆಸರಿನಲ್ಲಿ ಜನ ಗಟ್ಟಿಯಾಗಿ ಹಿಡಿದುಕೊಂಡದ್ದು ಮೊದಲ ಪದವನ್ನು. ಸಾದಾ ಆಂಫೊಟೆರಿಸಿನ್ ಬೇಡ, ಲೈಪೊಸೋಮಲ್ಲೇ ಬೇಕು ಎಂದು ಡಾಕ್ಟರು ಹೇಳಿ ಕಳಿಸಿರುತ್ತಿದ್ದರು.

ಎರಡರಲ್ಲೂ ಇರುವ ಮದ್ದು ಒಂದೇ. ಆಂಫೊಟೆರಿಸಿನ್ 1950ರ ದಶಕದಿಂದ ಬಳಕೆಯಲ್ಲಿರುವ ಹಳೆಯ ಔಷಧಿ. ಶಿಲೀಂಧ್ರವನ್ನು ಚೆನ್ನಾಗಿಯೇ ಕೊಲ್ಲುತ್ತದೆ, ಜೊತೆಗೆ ಮೂತ್ರಪಿಂಡವನ್ನೂ ಹಾಳುಮಾಡುತ್ತದೆ. ಅದನ್ನೇ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ಸೇರಿಸಿ ಕೊಟ್ಟರೆ ಮೂತ್ರಪಿಂಡದ ಮೇಲೆ ಬೀಳುವ ಪೆಟ್ಟು ಬಹಳ ಕಡಿಮೆಯಾಗುತ್ತದೆ, ದಿನಕ್ಕೆ ಹೆಚ್ಚು ಪ್ರಮಾಣದಲ್ಲಿ ಕೊಡಬಹುದು. ಆ ಗುಳ್ಳೆಯೇ ಲೈಪೊಸೋಮ್. ಕೊಬ್ಬಿನ ನ್ಯಾನೊಕಣಗಳ ದೊಡ್ಡ ಕುಟುಂಬದಲ್ಲಿ ಇದು ಹಿರಿಯಣ್ಣ.

ಅಮೆರಿಕದಲ್ಲಿರುವ ಮಕ್ಕಳು ‘ನಮ್ಮ ಕೋವಿಡ್ ಲಸಿಕೆಯಲ್ಲೂ ಕೊಬ್ಬಿನ ನ್ಯಾನೊಕಣ ಇತ್ತು’ ಎಂದು ಹೇಳಿದರೆ ನಿಜ. ಫೈಜರ್, ಮಾಡರ್ನಾ ಲಸಿಕೆಗಳ ಆರ್‌ಎನ್‌ಎಯನ್ನು ಜೀವಕೋಶದ ಒಳಕ್ಕೆ ಹೊತ್ತೊಯ್ದದ್ದು ಅವೇ. ನಮ್ಮಲ್ಲಿ ಹೆಚ್ಚಿನವರ ತೋಳಿಗೆ ಬಿದ್ದದ್ದು ಕೋವಿಶೀಲ್ಡ್ ಅಥವಾ ಕೋವ್ಯಾಕ್ಸಿನ್. ಅವೆರಡರಲ್ಲೂ ಅಂಥ ಕಣ ಇರಲಿಲ್ಲ. ಆದ್ದರಿಂದ ಬೆಂಗಳೂರಿನವರಿಗೆ ಕೊಬ್ಬಿನ ಕಣದ ಪರಿಚಯ ಆದದ್ದು ಲಸಿಕೆಯಿಂದಲ್ಲ, ಕಪ್ಪು ಶಿಲೀಂಧ್ರದ ಆ ಅಲೆದಾಟದಿಂದ ಎನ್ನಬೇಕು.

ಈಗ ಅದೇ ಗುಳ್ಳೆಯೊಳಗೆ ಬೇರೆ ಬಗೆಯ ಮದ್ದು ತುಂಬುವ ಪ್ರಯತ್ನ ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ. ಈ ಮದ್ದು ರಕ್ತದಲ್ಲಿ ಸುತ್ತುವಾಗ ಏನೂ ಮಾಡುವುದಿಲ್ಲ. ಕ್ಯಾನ್ಸರ್ ಗಡ್ಡೆಯ ಮೇಲೆ ಡಾಕ್ಟರು ಬೆಳಕು ಬಿಟ್ಟಾಗ ಮಾತ್ರ ಕೆಲಸ ಶುರು ಮಾಡುತ್ತದೆ. ಬೆಳಕು ಆರಿಸಿದರೆ ನಿಲ್ಲುತ್ತದೆ. ಇದಕ್ಕೆ ಫೋಟೊಡೈನಮಿಕ್ ಥೆರಪಿ ಎನ್ನುತ್ತಾರೆ, ಆಸ್ಪತ್ರೆಯವರ ಬಾಯಲ್ಲಿ ಪಿಡಿಟಿ.

ಇದರ ಮೂಲ ಮ್ಯೂನಿಕ್ ನಗರದಲ್ಲಿದೆ. 1900ರ ಹೊತ್ತಿಗೆ ಅಲ್ಲಿ ಪ್ರೊಫೆಸರ್ ಹರ್ಮನ್ ಫಾನ್ ಟಾಪೈನರ್ ಬಳಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳಿಗೆ ಅಕ್ರಿಡಿನ್ ಬಣ್ಣ ಹಾಕಿ, ಎಷ್ಟು ಹೊತ್ತಿಗೆ ಸಾಯುತ್ತವೆ ಎಂದು ನೋಡುತ್ತಿದ್ದ. ಲೆಕ್ಕ ಕೂಡಿಬರಲಿಲ್ಲ. ಒಂದು ದಿನ ಬೇಗ ಸತ್ತವು, ಗುಡುಗು ಮಳೆ ಬಂದು ಮಬ್ಬು ಕವಿದ ದಿನ ಬಹಳ ಹೊತ್ತು ಬದುಕಿದವು. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಬಿಸಾಡುತ್ತಿದ್ದರೇನೋ. ಕಿಟಕಿಯಿಂದ ಬರುವ ಬೆಳಕಿನಲ್ಲೇ ವ್ಯತ್ಯಾಸ ಇದೆಯೆಂದು ರಾಬ್ ಗುರುತಿಸಿದ. 1903ರ ವೇಳೆಗೆ ಟಾಪೈನರ್ ಮತ್ತು ಜೊತೆಗಾರರು ಚರ್ಮದ ಗಡ್ಡೆಗಳಿಗೆ ಇಯೋಸಿನ್ ಬಣ್ಣ ಹಚ್ಚಿ ಬೆಳಕಿಗೆ ಒಡ್ಡಿ ನೋಡಿದರು. ನಮ್ಮ ನಾಟಿ ವೈದ್ಯರು ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಲ್ಲಿ ಕೂರಿಸುತ್ತಿದ್ದದ್ದು ಇದಕ್ಕಿಂತ ಎಷ್ಟೋ ಹಳೆಯದು. ಆದರೆ ಅದರ ರಾಸಾಯನಿಕ ದಾರಿ ಬೇರೆ. ಎರಡನ್ನೂ ಒಂದೇ ಗಾಡಿಗೆ ಕಟ್ಟುವ ಉತ್ಸಾಹ ಬೇಡ.

ಪಿಡಿಟಿಯಲ್ಲಿ ಆಗುವುದು ಇಷ್ಟು. ಬಣ್ಣದ ಅಣು ಬೆಳಕನ್ನು ಹೀರಿಕೊಂಡು ಉದ್ರೇಕಗೊಳ್ಳುತ್ತದೆ. ಆ ಶಕ್ತಿಯನ್ನು ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ನಾವು ಉಸಿರಾಡುವ ಸಾಧು ಆಮ್ಲಜನಕ ಆಗ ಸಿಂಗ್ಲೆಟ್ ಆಕ್ಸಿಜನ್ ಎಂಬ ಉಗ್ರ ರೂಪ ತಾಳಿ, ಎದುರಿಗೆ ಸಿಕ್ಕ ಕೊಬ್ಬು, ಪ್ರೋಟೀನುಗಳನ್ನು ಕೆಡಿಸುತ್ತದೆ. ಅದರ ಆಯಸ್ಸು ಸೆಕೆಂಡಿನ ಲಕ್ಷದಲ್ಲಿ ಒಂದು ಭಾಗವೂ ಇಲ್ಲ. ಹುಟ್ಟಿದ ಜಾಗದಿಂದ ಜೀವಕೋಶದ ಇನ್ನೊಂದು ಮೂಲೆಗೂ ಹೋಗಲಾರದು. ಈ ಅಲ್ಪಾಯುಷ್ಯವೇ ಚಿಕಿತ್ಸೆಯ ಬಲ: ಔಷಧಿ, ಬೆಳಕು, ಆಮ್ಲಜನಕ ಮೂರೂ ಕೂಡಿದ ಕಡೆ ಮಾತ್ರ ಹಾನಿ. ಮೂರರಲ್ಲಿ ಒಂದು ತಪ್ಪಿದರೂ ಏನೂ ಆಗುವುದಿಲ್ಲ. ಗಡ್ಡೆಯ ನಡುಭಾಗದಲ್ಲಿ ರಕ್ತ ಓಡಾಟ ಕಡಿಮೆ ಇದ್ದು ಆಮ್ಲಜನಕ ಬತ್ತಿದ್ದರೆ ಚಿಕಿತ್ಸೆ ಅಲ್ಲಿ ಸೋಲುವುದೂ ಇದೇ ಕಾರಣಕ್ಕೆ.

ಮದ್ದು ಗಡ್ಡೆಯಲ್ಲಷ್ಟೇ ಕೂತರೆ ತೊಂದರೆ ಇರಲಿಲ್ಲ. ಚರ್ಮದಲ್ಲೂ ಕೂರುತ್ತದೆ. 1912ರಲ್ಲಿ ಫ್ರೀಡ್ರಿಕ್ ಮೆಯರ್-ಬೆಟ್ಸ್ ಎಂಬ ಜರ್ಮನ್ ವೈದ್ಯ ಹಿಮಟೊಪಾರ್ಫಿರಿನ್ ಎಂಬ ಬೆಳಕಿನ ಮದ್ದನ್ನು 200 ಮಿಲಿಗ್ರಾಂನಷ್ಟು ತನಗೆ ತಾನೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಮುಖ, ಕೈ ಊದಿಕೊಂಡು ತಿಂಗಳುಗಟ್ಟಲೆ ಬಿಸಿಲು ಸಹಿಸದಂತಾದ. ಅಮೆರಿಕದ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ಥಾಮಸ್ ಡೌಗರ್ಟಿ 1970ರ ದಶಕದಲ್ಲಿ ಈ ವಿದ್ಯೆಯನ್ನು ನಿಜವಾದ ಚಿಕಿತ್ಸೆಯ ಮಟ್ಟಕ್ಕೆ ತಂದರು. ಅದರಿಂದ ಹುಟ್ಟಿದ ಫೋಟೊಫ್ರಿನ್‌ಗೆ 1993ರಲ್ಲಿ ಕೆನಡಾ, 1995ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಅದನ್ನು ತೆಗೆದುಕೊಂಡವರೂ ಕನಿಷ್ಠ 30 ದಿನ ಬಿಸಿಲು ತಪ್ಪಿಸಿಕೊಂಡು ಇರಬೇಕು. ಕಿಟಕಿಗೆ ಪರದೆ ಎಳೆದುಕೊಂಡು ಕೂರುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಕಟ್ಟಡ ಕೆಲಸದ ಮೇಸ್ತ್ರಿಗೆ, ತಳ್ಳುಗಾಡಿಯಲ್ಲಿ ತರಕಾರಿ ಮಾರುವ ಹೆಂಗಸಿಗೆ ಅದು ಒಂದು ತಿಂಗಳ ದುಡಿಮೆಯ ನಷ್ಟ.

ಕೊಬ್ಬಿನ ಗುಳ್ಳೆ ಬೇಕಾಗುವುದು ಇಲ್ಲಿ. ಬೆಳಕಿನ ಮದ್ದಾಗಿ ಬಳಸುವ ಪಾರ್ಫಿರಿನ್ ಜಾತಿಯ ಹೆಚ್ಚಿನ ಅಣುಗಳು ಚಪ್ಪಟೆಯಾಗಿದ್ದು ನೀರಿಗೆ ಸೇರುವುದಿಲ್ಲ. ರಕ್ತಕ್ಕೆ ಬಿಟ್ಟರೆ ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಗಂಟು ಕಟ್ಟಿದ ಅಣು ಬೆಳಕು ಹೀರಿದರೂ ಆಮ್ಲಜನಕಕ್ಕೆ ದಾಟಿಸುವುದಿಲ್ಲ. ಕೊಬ್ಬಿನ ಪದರದಲ್ಲಿ ಬಿಡಿಬಿಡಿಯಾಗಿ ಕೂರಿಸಿದರೆ ಗಡ್ಡೆಯ ತನಕ ಹಾಗೇ ಹೋಗುತ್ತವೆ.

ಗುಳ್ಳೆ ಮಾಡುವ ಹಳೆಯ ಕ್ರಮ ನೋಡಲು ಚೆಂದ. 1960ರ ದಶಕದಲ್ಲಿ ಕೇಂಬ್ರಿಜ್ ಹತ್ತಿರದ ಬೇಬ್ರಹಾಂನಲ್ಲಿ ಅಲೆಕ್ ಬ್ಯಾಂಗಮ್ ಕಂಡುಕೊಂಡ ವಿದ್ಯೆಯನ್ನೇ ಇಂದಿಗೂ ಎಂ.ಎಸ್ಸಿ. ಹುಡುಗರು ಮೊದಲ ಪಾಠವಾಗಿ ಕಲಿಯುತ್ತಾರೆ. ಮೊಟ್ಟೆ ಅಥವಾ ಸೋಯಾದಿಂದ ತೆಗೆದ ಫಾಸ್ಫೊಲಿಪಿಡ್, ಒಂದಿಷ್ಟು ಕೊಲೆಸ್ಟ್ರಾಲ್, ಬೆಳಕಿನ ಮದ್ದು, ಮೂರನ್ನೂ ಕ್ಲೋರೋಫಾರಂನಲ್ಲಿ ಕರಗಿಸಿ ದುಂಡನೆಯ ಫ್ಲಾಸ್ಕಿಗೆ ಸುರಿಯುತ್ತಾರೆ. ಫ್ಲಾಸ್ಕು ಬಿಸಿನೀರಿನಲ್ಲಿ ಓರೆಯಾಗಿ ತಿರುಗುತ್ತಿರುತ್ತದೆ, ಕ್ಲೋರೋಫಾರಂ ಆವಿಯಾಗಿ ಹೋಗಿ ಗಾಜಿನ ಒಳಗೋಡೆಗೆ ತೆಳ್ಳನೆಯ ಪೊರೆ ಮೆತ್ತಿಕೊಳ್ಳುತ್ತದೆ. ಮೇಲೆ ಉಪ್ಪುನೀರಿನ ದ್ರಾವಣ ಹಾಕಿ ಕುಲುಕಿದರೆ ಪೊರೆ ಸುಲಿದು ಬಂದು ತಾನಾಗಿ ಗುಳ್ಳೆ ಕಟ್ಟುತ್ತದೆ. ಆಗ ಅದು ಹಾಲಿನಂತೆ ಮಬ್ಬು, ಗುಳ್ಳೆಗಳ ಗಾತ್ರವೂ ಒಂದೊಂದು ಥರ. 100 ನ್ಯಾನೊಮೀಟರ್ ರಂಧ್ರದ ಹಾಳೆಯ ಮೂಲಕ ಹತ್ತಾರು ಸಲ ಹಿಂದೆ ಮುಂದೆ ಒತ್ತಿದ ಮೇಲೆ ಮಬ್ಬು ಹೋಗಿ ತಿಳಿ ದ್ರಾವಣ ಉಳಿಯುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೊಮೀಟರ್. ಬೆಳಕಿನ ಮದ್ದು ಇರುವುದರಿಂದ ಇಷ್ಟೂ ಕೆಲಸವನ್ನು ಮಬ್ಬು ದೀಪದಲ್ಲಿ, ಪಾತ್ರೆಗಳಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿಕೊಂಡು ಮಾಡಬೇಕು.

ಹೀಗೆ ಗುಳ್ಳೆಗೆ ತುಂಬಿದ ಬೆಳಕಿನ ಮದ್ದು ಆಸ್ಪತ್ರೆಗೆ ಬಂದು ಕಾಲು ಶತಮಾನವಾಯಿತು. ಬಂದದ್ದು ಕ್ಯಾನ್ಸರ್‌ಗಲ್ಲ, ಕಣ್ಣಿಗೆ. ಕೆನಡಾದ ವ್ಯಾಂಕೂವರ್‌ನಲ್ಲಿ ಜೂಲಿಯಾ ಲೆವಿ, ಡೇವಿಡ್ ಡಾಲ್ಫಿನ್ ಅವರ ಕೆಲಸದಿಂದ ಹುಟ್ಟಿದ ವರ್ಟೆಪಾರ್ಫಿನ್ ಎಂಬ ಅಣುವನ್ನು ಕೊಬ್ಬಿನಲ್ಲಿ ಹುದುಗಿಸಿ ವಿಸುಡೈನ್ ಎಂಬ ಹೆಸರಲ್ಲಿ ತಂದರು. ಅಮೆರಿಕದಲ್ಲಿ 2000ದಲ್ಲಿ ಒಪ್ಪಿಗೆ ಸಿಕ್ಕಿತು. ವಯಸ್ಸಾದವರ ಅಕ್ಷಿಪಟಲದ ಹಿಂದೆ ಸೋರುವ ರಕ್ತನಾಳಗಳನ್ನು ಮುಚ್ಚಲು ಅದರ ಬಳಕೆ. ತೋಳಿನ ನರಕ್ಕೆ ಡ್ರಿಪ್ ಹಚ್ಚಿ 15 ನಿಮಿಷದ ಮೇಲೆ ಕಣ್ಣಿಗೆ 83 ಸೆಕೆಂಡ್ ಕೆಂಪು ಲೇಸರ್. ಬಿಸಿಲಿನ ಪಥ್ಯ ಐದೇ ದಿನ. ಫೋಟೊಫ್ರಿನ್‌ನ 30 ದಿನದ ಪಕ್ಕದಲ್ಲಿಟ್ಟು ನೋಡಿದರೆ ದೊಡ್ಡ ಜಿಗಿತ, ಆದರೆ ಅದರ ಪೂರ್ತಿ ಶ್ರೇಯಸ್ಸು ಕೊಬ್ಬಿಗೆ ಸಲ್ಲದು. ಬೇಗ ಮೈಯಿಂದ ಹೊರಹೋಗುವ ಅಣುವನ್ನೇ ಆರಿಸಿಕೊಂಡದ್ದು ಅರ್ಧ ಗೆಲುವು.

2011ರಲ್ಲಿ ಟೊರಾಂಟೊದ ಗ್ಯಾಂಗ್ ಝೆಂಗ್, ಜೊನಾಥನ್ ಲವೆಲ್ ತಂಡ ಇನ್ನೊಂದು ಹೆಜ್ಜೆ ಇಟ್ಟಿತು. ಮದ್ದನ್ನು ಗುಳ್ಳೆಯೊಳಗೆ ತುಂಬುವ ಬದಲು, ಪಾರ್ಫಿರಿನ್ನನ್ನು ಕೊಬ್ಬಿನ ಅಣುವಿಗೇ ಬೆಸೆದು, ಆ ಬೆಸುಗೆಯ ಅಣುಗಳಿಂದಲೇ ಗುಳ್ಳೆ ಕಟ್ಟಿದರು. ಹೆಸರು ಪಾರ್ಫಿಸೋಮ್. 100 ನ್ಯಾನೊಮೀಟರ್ ಗುಳ್ಳೆಯ ಗೋಡೆಯಲ್ಲಿ ಸುಮಾರು 80,000 ಪಾರ್ಫಿರಿನ್. ಬೆಳಗ್ಗೆ ಎಂಟೂವರೆಗೆ ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಹೊರಟ 335-ಇ ಬಸ್ಸಿನಲ್ಲಿ ನಿಂತವರ ಹಾಗೆ ಅವು ಅಲುಗಾಡಲು ಜಾಗ ಇಲ್ಲದಂತೆ ಒತ್ತಿಕೊಂಡಿರುತ್ತವೆ. ಆ ಸ್ಥಿತಿಯಲ್ಲಿ ಬೆಳಕು ಬಿದ್ದರೆ ಹೊಳೆಯುವುದೂ ಇಲ್ಲ, ಆಮ್ಲಜನಕವನ್ನು ಉದ್ರೇಕಿಸುವುದೂ ಇಲ್ಲ, ಶಕ್ತಿಯೆಲ್ಲ ಶಾಖವಾಗುತ್ತದೆ. ಲೇಸರಿನ ಸಣ್ಣ ಸಣ್ಣ ಮಿಡಿತ ಕೊಟ್ಟರೆ ಆ ಶಾಖದಿಂದ ಅಂಗಾಂಶ ಕ್ಷಣಕಾಲ ಹಿಗ್ಗಿ ಶಬ್ದದ ಅಲೆ ಹೊರಡಿಸುತ್ತದೆ, ಅಲ್ಟ್ರಾಸೌಂಡ್ ಗ್ರಾಹಕದಿಂದ ಅದನ್ನು ಹಿಡಿದು ಗಡ್ಡೆಯ ಚಿತ್ರ ಬಿಡಿಸಬಹುದು. ಗಡ್ಡೆಯ ಜೀವಕೋಶ ಗುಳ್ಳೆಯನ್ನು ನುಂಗಿ ಒಡೆದ ಮೇಲೆ ಬಿಡುಗಡೆಯಾದ ಪಾರ್ಫಿರಿನ್ನುಗಳು ಹೊಳೆಯತೊಡಗುತ್ತವೆ, ಬೆಳಕಿಗೆ ಕೊಲ್ಲಲೂ ತೊಡಗುತ್ತವೆ. ಪತ್ತೆ, ಚಿಕಿತ್ಸೆ ಎರಡನ್ನೂ ಒಂದೇ ಅಣುವಿನಿಂದ ಮಾಡಿಸುವ ಈ ಬಗೆಯನ್ನು ವಿಜ್ಞಾನಿಗಳು ಥೆರನಾಸ್ಟಿಕ್ಸ್ ಎಂದು ಕರೆಯುತ್ತಾರೆ.

ನಮ್ಮಲ್ಲೂ ಇದರ ದಾಯಾದಿ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ಗುಂಪು ಬೆಳಕಿಗೆ ಕೆರಳುವ ಲೋಹದ ಸಂಯುಕ್ತಗಳ ಮೇಲೆ ವರ್ಷಗಟ್ಟಲೆ ದುಡಿದಿದೆ. 2023ರಲ್ಲಿ ಅದೇ ಸಂಸ್ಥೆಯ ಅಶೋಕ್ ರಾಯಚೂರ್, ಜಯಪ್ರಕಾಶ್ ತಂಡಗಳು ಚಿನ್ನ ಮತ್ತು ತಾಮ್ರದ ಸಲ್ಫೈಡ್ ಸೇರಿಸಿದ, 8 ನ್ಯಾನೊಮೀಟರಿಗೂ ಕಿರಿದಾದ ಕಣಗಳನ್ನು ಮಾಡಿದವು. ಬೆಳಕು ಬಿಟ್ಟರೆ ಕಾಯ್ದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ, ಶಬ್ದದ ಅಲೆ ಹೊರಡಿಸಿ ತಾವಿರುವ ಜಾಗವನ್ನೂ ತೋರಿಸಿಕೊಡುತ್ತವೆ. ಕೆಲಸ ನಡೆದದ್ದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಶ್ವಾಸಕೋಶ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಕೋಶಗಳ ಮೇಲೆ. ಇಂಥ ಸುದ್ದಿ ಬಂದಾಗಲೆಲ್ಲ ಕ್ಯಾನ್ಸರ್ ಇನ್ನು ಮುಗಿಯಿತೆಂಬಂತೆ ತಲೆಬರಹ ಕೊಡುವುದು ನಮ್ಮ ವೃತ್ತಿಯವರ ಹಳೆಯ ಚಟ. ತಟ್ಟೆಯಿಂದ ಇಲಿಗೆ, ಇಲಿಯಿಂದ ಮನುಷ್ಯನಿಗೆ ಬರುವ ದಾರಿಯಲ್ಲಿ ಹತ್ತರಲ್ಲಿ ಒಂಬತ್ತು ಬಿದ್ದುಹೋಗುತ್ತವೆ ಎಂದು ಹೇಳಿದರೂ ಉದಾರವಾಗಿ ಹೇಳಿದಂತೆ.

ನ್ಯಾನೊಕಣ ಗಡ್ಡೆಯನ್ನು ‘ಹುಡುಕಿಕೊಂಡು ಹೋಗುತ್ತದೆ’ ಎಂಬ ಮಾತನ್ನೂ ಸ್ವಲ್ಪ ತೂಗಿ ನೋಡಬೇಕು. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಕಟ್ಟಿದವು, ಸೋರುತ್ತವೆ. ಆ ಸೋರಿಕೆಯಲ್ಲಿ ಕಣಗಳು ಹೊರಬಿದ್ದು ಅಲ್ಲೇ ಉಳಿಯುತ್ತವೆ ಎಂದು ಜಪಾನಿನ ಮಾಯೆಡಾ ಮತ್ತು ಮಾತ್ಸುಮುರಾ 1986ರಲ್ಲಿ ತೋರಿಸಿದರು. ಎಷ್ಟು ಉಳಿಯುತ್ತವೆ? ಹತ್ತು ವರ್ಷದ ಅಧ್ಯಯನಗಳನ್ನು ಒಟ್ಟುಹಾಕಿ ಟೊರಾಂಟೊದ ವಾರನ್ ಚಾನ್ ತಂಡ 2016ರಲ್ಲಿ ಲೆಕ್ಕ ಹಾಕಿದಾಗ ಸಿಕ್ಕ ನಡುವಿನ ಅಂಕಿ 0.7 ಶೇಕಡ. ನೂರು ಕಣ ಬಿಟ್ಟರೆ ಗಡ್ಡೆ ಸೇರುವುದು ಒಂದಕ್ಕೂ ಕಡಿಮೆ. ಉಳಿದವುಗಳಲ್ಲಿ ಹೆಚ್ಚಿನ ಪಾಲು ಯಕೃತ್ತು, ಗುಲ್ಮದ ಪಾಲು. ಸಾಮಾನ್ಯ ಕೀಮೋ ಔಷಧಿಗೆ ಇದು ಕೆಟ್ಟ ಸುದ್ದಿ. ಬೆಳಕಿನ ಮದ್ದಿಗೆ ಅಷ್ಟು ಕೆಟ್ಟದ್ದೇನಲ್ಲ, ಯಾಕೆಂದರೆ ಯಕೃತ್ತಿನಲ್ಲಿ ಕೂತ ಮದ್ದಿಗೆ ಬೆಳಕು ತಾಗುವುದೇ ಇಲ್ಲ.

ಹಾಗಾದರೆ ತೊಡಕು ಇರುವುದೆಲ್ಲಿ? ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಬೆರಳಿನ ಕೆಳಗೆ ಒತ್ತಿ ಹಿಡಿಯಿರಿ. ಬಿಳಿ ಬೆಳಕು ಒಳಹೋಗಿ ಮೇಲೆ ಬರುವುದು ಕೆಂಪು ಮಾತ್ರ. ನೀಲಿ, ಹಸಿರನ್ನೆಲ್ಲ ರಕ್ತದ ಹಿಮೊಗ್ಲೋಬಿನ್ ನುಂಗಿಬಿಟ್ಟಿತು. ಉಳಿದ ಕೆಂಪೂ ಚೆಲ್ಲಾಪಿಲ್ಲಿಯಾಗಿ ಮಂಕಾಗಿದೆ. ಫೋಟೊಫ್ರಿನ್ ಬೇಡುವ 630 ನ್ಯಾನೊಮೀಟರ್ ಕೆಂಪು ಬೆಳಕು ಕೊಲ್ಲುವಷ್ಟು ಬಲದಲ್ಲಿ ಇಳಿಯುವುದು ಅರ್ಧ ಸೆಂಟಿಮೀಟರಿನ ಆಸುಪಾಸು. ಕೆಂಪಿನಾಚೆಗೆ, 700ರಿಂದ 900ರ ನಡುವೆ, ಇನ್ನೂ ಸ್ವಲ್ಪ ಆಳ ಸಿಗುತ್ತದೆ. ಯಾವ ಕೊಬ್ಬಿನ ಗುಳ್ಳೆಯೂ ಈ ಲೆಕ್ಕವನ್ನು ಬದಲಿಸಲಾರದು. ಮದ್ದನ್ನು ಮೈಯ ಯಾವ ಮೂಲೆಗಾದರೂ ಕಳಿಸಬಹುದು, ಬೆಳಕನ್ನು ಹಾಗೆ ಕಳಿಸಲಾಗದು. ಮೇದೋಜೀರಕ ಗ್ರಂಥಿಯ, ಪಿತ್ತನಾಳದ ಗಡ್ಡೆಗೆ ನಾರಿನಂಥ ಫೈಬರ್ ತೂರಿಸಿ ಬೆಳಕು ಕೊಡುವ ಪ್ರಯತ್ನಗಳಿವೆ, ಆದರೆ ಅದು ಸಲೀಸಾದ ಕೆಲಸವಲ್ಲ.

ಆದ್ದರಿಂದ ಈ ಚಿಕಿತ್ಸೆಗೆ ಸಹಜವಾದ ಜಾಗ ಯಾವುದು ಎಂದು ಕೇಳಿದರೆ ನಾನು ಬಾಯಿ ಎನ್ನುತ್ತೇನೆ. ಕನ್ನಡಿ ಇಲ್ಲದೆಯೂ ಇಣುಕಬಹುದು, ಟಾರ್ಚು ಹಿಡಿದರೆ ಬೆಳಕು ನೇರ ಬೀಳುತ್ತದೆ. 2018ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಬಾಯಿಯ ಕ್ಯಾನ್ಸರ್‌ನ ಮೊದಲ ಹಂತ ಎಂದರೆ 2 ಸೆಂಟಿಮೀಟರಿಗಿಂತ ಅಗಲವಿಲ್ಲದ, 5 ಮಿಲಿಮೀಟರಿಗಿಂತ ಆಳಕ್ಕೆ ಇಳಿಯದ ಗಡ್ಡೆ. ಕೆಂಪು ಬೆಳಕು ಮುಟ್ಟುವುದೂ ಹೆಚ್ಚುಕಡಿಮೆ ಅಷ್ಟೇ ಆಳ.

ಬಾಯಿಯ ಕ್ಯಾನ್ಸರ್ ನಮ್ಮ ಮನೆಬಾಗಿಲ ಕಾಯಿಲೆಯೂ ಹೌದು. ಭಾರತದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಹೊಸ ರೋಗಿಗಳು. ಪೀಣ್ಯ ಕೈಗಾರಿಕಾ ಪ್ರದೇಶದ ಯಾವುದೇ ಹಂತದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಕಾರ್ಖಾನೆ ಗೇಟಿನ ಎದುರಿನ ಪೆಟ್ಟಿಗೆ ಅಂಗಡಿ ಮುಂದೆ ನಿಂತು ನೋಡಿ. 2013ರ ಮೇ ಕೊನೆಗೆ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಯ ತೋರಣದಲ್ಲಿ ಈಗ ಎರಡು ಪೊಟ್ಟಣ ಜೊತೆಜೊತೆಗೆ ನೇತಾಡುತ್ತವೆ, ಪಾನ್ ಮಸಾಲೆಯದೊಂದು, ತಂಬಾಕಿನದೊಂದು. ಲೇತ್ ಮೇಲೆ ದುಡಿದು ಎಣ್ಣೆಗೈಯಲ್ಲಿ ಬಂದ ಹುಡುಗ ಎರಡರ ಮೂಲೆಯನ್ನೂ ಹಲ್ಲಿನಿಂದ ಕಿತ್ತು, ಒಂದನ್ನು ಇನ್ನೊಂದಕ್ಕೆ ಸುರಿದು, ಕುಲುಕಿ, ತಲೆ ಹಿಂದಕ್ಕೆ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ. ನಾಲಿಗೆಯಿಂದ ಅದನ್ನು ಕೆಳದವಡೆ ಮತ್ತು ಕೆನ್ನೆಯ ಸಂದಿಗೆ ದೂಡಿ ಇಟ್ಟುಕೊಂಡರೆ ಬಸ್ ಸ್ಟಾಪಿನವರೆಗೂ ಬರುತ್ತದೆ. ಕ್ಯಾನ್ಸರ್ ಹುಟ್ಟುವುದೂ ಬಹಳ ಸಲ ಅದೇ ಸಂದಿಯಲ್ಲಿ. ಕೋಲಾರ, ತುಮಕೂರು ಕಡೆಯ ಅಜ್ಜಿಯರ ಎಲೆಅಡಿಕೆ, ಕಡ್ಡಿಪುಡಿಯ ಚೀಲದ ಕಥೆಯೂ ಬೇರೆಯಲ್ಲ.

ತಂಬಾಕು ಬಿಟ್ಟು ಬರೀ ಅಡಿಕೆ ಜಗಿದರೆ ಪರವಾಗಿಲ್ಲ ಎಂದು ನಂಬಿದವರು ನಮ್ಮಲ್ಲಿ ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಮಲೆನಾಡಿನ ಮನೆಗಳಲ್ಲಿ ಕೂತು ಈ ಮಾತು ಆಡುವುದು ಕಷ್ಟ ಎಂಬುದು ನನಗೆ ಗೊತ್ತು. ಆದರೂ ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ನಾರುಗಟ್ಟಿ, ಮೂರು ಬೆರಳು ಹಿಡಿಸುತ್ತಿದ್ದ ಬಾಯಿಗೆ ಒಂದು ಬೆರಳೂ ಹೋಗದಂತಾದವರನ್ನು ದಂತವೈದ್ಯರು ದಿನವೂ ನೋಡುತ್ತಾರೆ. ಅಂಥ ಬಾಯಿಗೆ ಬೆಳಕಿನ ದೀಪವನ್ನಾದರೂ ತೂರಿಸುವುದು ಹೇಗೆ ಎಂಬುದು ಎಂಜಿನಿಯರುಗಳಿಗೂ ಬಿದ್ದ ಪ್ರಶ್ನೆ.

ಹೊಸೂರು ರಸ್ತೆಯಲ್ಲಿ ಈ ಕಥೆಯ ಹಲವು ಪಾತ್ರಧಾರಿಗಳು ಸಾಲಾಗಿ ಕೂತಿದ್ದಾರೆ. ಡೈರಿ ಸರ್ಕಲ್ ಬಳಿ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ. ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಪುಸ್ತಕ 1982ರಿಂದ ಅಲ್ಲಿದೆ. ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕಿನಲ್ಲಿ ಐಬಿಎಬಿ ಎಂಬ ಜೈವಿಕ ತಂತ್ರಜ್ಞಾನ ಸಂಸ್ಥೆ, ಬೆಂಗಳೂರು ಬಯೋಇನೊವೇಶನ್ ಸೆಂಟರ್. ಹಳದಿ ಮೆಟ್ರೊದಲ್ಲಿ ಹೋದರೆ ಹೆಬ್ಬಗೋಡಿ ನಿಲ್ದಾಣದ ಹೆಸರಿನ ಜೊತೆಗೇ ಔಷಧ ಕಂಪನಿ ಬಯೋಕಾನ್ ಸೇರಿಕೊಂಡಿದೆ. ತಲೆ ಮತ್ತು ಕತ್ತಿನ ಕ್ಯಾನ್ಸರ್‌ಗೆಂದು ಆ ಕಂಪನಿ 2006ರಲ್ಲಿ ತಂದ ಬಯೊಮ್ಯಾಬ್ ಇಜಿಎಫ್‌ಆರ್ ಎಂಬ ಆಂಟಿಬಾಡಿ ಔಷಧಿ ತಯಾರಾದದ್ದು ಈ ಪಟ್ಟಿಯಲ್ಲೇ. ಅಲ್ಲಿಂದ ಮುಂದೆ ಬೊಮ್ಮಸಂದ್ರದಲ್ಲಿ ನಾರಾಯಣ ಹೆಲ್ತ್ ಸಿಟಿ, ಅದರೊಳಗೆ 2009ರಲ್ಲಿ ತೆರೆದ ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರ. ಇಲ್ಲಿಯ ತಲೆ-ಕತ್ತಿನ ಕ್ಯಾನ್ಸರ್ ತಜ್ಞರಾಗಿದ್ದ ಮೋನಿ ಅಬ್ರಹಾಂ ಕುರಿಯಾಕೋಸ್, ಪಿಡಿಟಿ ಬೆಳೆದ ಅದೇ ರಾಸ್‌ವೆಲ್ ಪಾರ್ಕಿನಲ್ಲೂ ಕೆಲಸ ಮಾಡಿದವರು.

ಕುರಿಯಾಕೋಸ್ ಮತ್ತು ಬೆಂಗಳೂರಿನ ಕೆಎಲ್‌ಇ ದಂತ ವೈದ್ಯಕೀಯ ಸಂಸ್ಥೆಯ ಪ್ರವೀಣ್ ಬಿರೂರ್ ಕೈಹಾಕಿದ್ದು ಚಿಕಿತ್ಸೆಗಿಂತ ಮೊದಲಿನ ಕೆಲಸಕ್ಕೆ, ಅಂದರೆ ಹುಡುಕುವುದಕ್ಕೆ. ಬಯೋಕಾನ್ ಫೌಂಡೇಶನ್ ಜೊತೆಗೂಡಿ, ಆರೋಗ್ಯ ಕಾರ್ಯಕರ್ತೆಯರ ಕೈಗೆ ಮೊಬೈಲ್ ಕೊಟ್ಟು, ಜನರ ಬಾಯಿಯ ಫೋಟೊ ತೆಗೆಸಿ, ದೂರದಲ್ಲಿ ಕೂತ ತಜ್ಞರಿಗೆ ಕಳಿಸುವ ವ್ಯವಸ್ಥೆ ಕಟ್ಟಿದರು. ಮೂರು ಸಾವಿರಕ್ಕೂ ಹೆಚ್ಚು ಜನರ ತಪಾಸಣೆಯ ವರದಿ 2015ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಬಂತು. ದಂತವೈದ್ಯರು ತೆಗೆದ ಚಿತ್ರಗಳು ಚೆನ್ನಾಗಿದ್ದವು, ಕಾರ್ಯಕರ್ತೆಯರು ತೆಗೆದ ಎಷ್ಟೋ ಚಿತ್ರಗಳನ್ನು ನೋಡಿ ಏನೂ ಹೇಳಲಾಗಲಿಲ್ಲ. ಆಮೇಲೆ ಅರಿಜೋನಾ ವಿಶ್ವವಿದ್ಯಾಲಯದ ರಾಂಗ್‌ಗ್ವಾಂಗ್ ಲಿಯಾಂಗ್ ತಂಡ ಈ ಇಬ್ಬರ ಜೊತೆ ಸೇರಿತು. ಮೊಬೈಲಿಗೆ ಸಿಕ್ಕಿಸುವ, ಬಾಯಿಯೊಳಗೆ ತೂರುವ ಸಣ್ಣ ಕ್ಯಾಮೆರಾ ಕಡ್ಡಿ. ಅದರ ತುದಿಯಲ್ಲಿ ಬಿಳಿ ಎಲ್‌ಇಡಿ, ನೇರಳೆ ಎಲ್‌ಇಡಿ. ನೇರಳೆ ಬೆಳಕಿಗೆ ಆರೋಗ್ಯವಂತ ಕೆನ್ನೆಯ ಒಳಪದರ ತಾನಾಗಿ ತಿಳಿಹಸಿರು ಹೊಳೆಯುತ್ತದೆ. ಕೆಟ್ಟ ಜಾಗ ಆ ಹೊಳಪು ಕಳೆದುಕೊಂಡು ಕಪ್ಪಾಗಿ ಕಾಣುತ್ತದೆ. ಹುಣ್ಣು, ಉರಿಯೂತ ಇದ್ದರೂ ಕಪ್ಪಾಗಿ ಕಾಣುತ್ತದೆಂಬುದು ಇದರ ಮಿತಿ. ಬಿಳಿ ಮತ್ತು ನೇರಳೆ ಬೆಳಕಿನ ಚಿತ್ರ ಎರಡನ್ನೂ ಜೋಡಿಸಿ ಕಂಪ್ಯೂಟರಿಗೆ ಕಲಿಸಿ, ಅನುಮಾನದ ಬಾಯಿಗಳನ್ನು ಬೇರ್ಪಡಿಸುವಂತೆ ಮಾಡಿದರು. 2018ರಲ್ಲಿ ಈ ಕೆಲಸ ಪ್ರಕಟವಾಯಿತು. ಇದರಲ್ಲಿ ನ್ಯಾನೊಕಣ ಇಲ್ಲ, ಚುಚ್ಚುಮದ್ದು ಇಲ್ಲ. ಬೆಳಕಿನಿಂದ ಕ್ಯಾನ್ಸರ್ ಪತ್ತೆ ಎಂಬುದರಲ್ಲಿ ನಮ್ಮ ಊರಿಗೆ ಈಗಾಗಲೇ ಕೈಗೆಟುಕಿರುವ ಭಾಗ ಇದೇ.

ಚಿಕಿತ್ಸೆಯ ಕಡೆಯೂ ದಾರಿ ತೋರಿಸಿದವರು ಇದ್ದಾರೆ. ಬಾಸ್ಟನ್ನಿನ ತಯ್ಯಬಾ ಹಸನ್, ಜೊನಾಥನ್ ಸೆಲ್ಲಿ ತಂಡಗಳು ಬ್ಯಾಟರಿಯಿಂದ ನಡೆಯುವ ಅಗ್ಗದ ಎಲ್‌ಇಡಿ ದೀಪ, 3ಡಿ ಪ್ರಿಂಟರಿನಲ್ಲಿ ಮಾಡಿದ ಬಾಯಿತೂರಿಕೆ, ಚಿತ್ರಕ್ಕೆ ಮೊಬೈಲ್, ಇಷ್ಟನ್ನೇ ಇಟ್ಟುಕೊಂಡು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ವೈದ್ಯರ ಜೊತೆ ಆರಂಭದ ಹಂತದ ಬಾಯಿ ಕ್ಯಾನ್ಸರ್‌ಗೆ ಪಿಡಿಟಿ ಕೊಟ್ಟು 2022ರಲ್ಲಿ ವರದಿ ಮಾಡಿದವು. ರೋಗಿಗಳಿಗೆ ಕುಡಿಸಿದ್ದು ಎಎಲ್‌ಎ ಎಂಬ ಸಣ್ಣ ಅಣು. ಜೀವಕೋಶ ಅದರಿಂದ ಪಾರ್ಫಿರಿನ್ನನ್ನು ತಾನೇ ತಯಾರಿಸಿಕೊಳ್ಳುತ್ತದೆ. ನೀಲಿ ಬೆಳಕಿಗೆ ಗಡ್ಡೆ ಕೆಂಪಾಗಿ ಹೊಳೆದು ಅಂಚು ತೋರಿಸಿತು, ಕೆಂಪು ಬೆಳಕಿಗೆ ಸತ್ತಿತು. ಹೆಚ್ಚಿನವರಲ್ಲಿ ಗಡ್ಡೆ ಪೂರ್ತಿ ಹೋಯಿತು. ರೋಗಿಗಳು ಮೂವತ್ತರ ಆಸುಪಾಸು ಮಾತ್ರ, ಅದನ್ನು ಮರೆಯಬಾರದು. ಜಪಾನ್ 2020ರ ಸೆಪ್ಟೆಂಬರಿನಲ್ಲಿ ತಲೆ-ಕತ್ತಿನ ಕ್ಯಾನ್ಸರ್‌ಗೆ ಒಪ್ಪಿದ ಬೆಳಕಿನ ಔಷಧಿಯಲ್ಲಂತೂ ಕೊಬ್ಬಿನ ಬದಲು ಆಂಟಿಬಾಡಿಗೇ ಬಣ್ಣ ಕಟ್ಟಿದ್ದಾರೆ. ಆ ಆಂಟಿಬಾಡಿ ಹಿಡಿಯುವುದು ಇಜಿಎಫ್‌ಆರ್ ಎಂಬ ಪ್ರೋಟೀನನ್ನು. ಹೊಸೂರು ರಸ್ತೆಯ ಆ 2006ರ ಔಷಧಿ ಹಿಡಿಯುವುದೂ ಅದನ್ನೇ.

ಇಷ್ಟೆಲ್ಲ ಇದ್ದೂ ಇಲ್ಲಿನ ಸರ್ಜನ್ನರು ಕತ್ತಿ ಕೆಳಗಿಡುವುದಿಲ್ಲ, ಇಡಲೂಬಾರದು. ಆರಂಭದ ಬಾಯಿ ಕ್ಯಾನ್ಸರ್‌ನಲ್ಲಿ ಗಡ್ಡೆಯ ಜೊತೆಗೇ ಕತ್ತಿನ ದುಗ್ಧಗ್ರಂಥಿಗಳನ್ನೂ ತೆಗೆದರೆ ಒಳ್ಳೆಯದೋ, ಕಾದು ನೋಡಿದರೆ ಒಳ್ಳೆಯದೋ ಎಂದು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ತಂಡ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿತು. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು ಶೇ. 80, ಕಾದವರಲ್ಲಿ ಶೇ. 67.5. ಕೆನ್ನೆಯೊಳಗೆ ಹಿಡಿದ ಕೆಂಪು ದೀಪ ಕತ್ತಿನ ಗ್ರಂಥಿಗೆ ತಲುಪುವುದಿಲ್ಲ. ಕಣ್ಣಿಗೆ ಕಂಡ ಗಡ್ಡೆ ಕರಗಿತೆಂದು ಖುಷಿಪಟ್ಟು, ಕಾಣದ ಕ್ಯಾನ್ಸರ್ ಕೋಶವನ್ನು ಕತ್ತಿನಲ್ಲಿ ಬಿಟ್ಟರೆ ರೋಗಿಗೆ ಮೋಸವಾಗುತ್ತದೆ.

ಆದ್ದರಿಂದ ಬೆಳಕಿನ ಚಿಕಿತ್ಸೆಗೆ ನನ್ನ ಲೆಕ್ಕದಲ್ಲಿ ನ್ಯಾಯವಾದ ಜಾಗ ಕ್ಯಾನ್ಸರ್‌ಗಿಂತ ಒಂದು ಹೆಜ್ಜೆ ಹಿಂದೆ. ಬಿಳಿ ಮಚ್ಚೆ, ಕೆಂಪು ಮಚ್ಚೆಯ ಹಂತ. ತಂಬಾಕು ಜಗಿದವರ ಬಾಯಲ್ಲಿ ಮಚ್ಚೆ ಒಂದೇ ಕಡೆ ಇರುವುದಿಲ್ಲ. ಅಲ್ಲೊಂದು ಇಲ್ಲೊಂದು ಏಳುತ್ತಲೇ ಇರುತ್ತದೆ, ಎಲ್ಲವನ್ನೂ ಕತ್ತರಿಸುತ್ತ ಹೋದರೆ ಕೆನ್ನೆ ಉಳಿಯುವುದಿಲ್ಲ. ರೇಡಿಯೇಶನ್ನಿನ ಹಾಗೆ ಬೆಳಕಿಗೆ ಇಷ್ಟೇ ಸಲ ಎಂಬ ಮಿತಿ ಇಲ್ಲ, ಅದೇ ಜಾಗಕ್ಕೆ ಮತ್ತೆ ಕೊಡಬಹುದು. ಗಾಯ ಮಾಗಿದಾಗ ಕಲೆ ಕಟ್ಟುವುದೂ ಕಡಿಮೆ. ಬಾಯಿಗೆ ಅಂಟಿಕೊಂಡು ನಿಲ್ಲುವ, ಕೊಬ್ಬಿನ ಕಣದಲ್ಲಿ ಮದ್ದು ಇರುವ ಲೇಪನ ಬಂದರೆ ಚುಚ್ಚುಮದ್ದೂ ಬೇಡ, ಬಿಸಿಲಿನ ಪಥ್ಯವೂ ಬೇಡ. ಇನ್ನೊಂದು ತುದಿಯಲ್ಲಿ, ಸರ್ಜರಿ, ರೇಡಿಯೇಶನ್ ಎಲ್ಲ ಮುಗಿದು ಗಡ್ಡೆ ಮರಳಿದವರಿಗೂ ಇದು ಒಂದಿಷ್ಟು ನೆಮ್ಮದಿ ಕೊಡಬಲ್ಲದು. ಯುರೋಪಿನಲ್ಲಿ 2001ರಿಂದ ಟೆಮೊಪಾರ್ಫಿನ್ ಎಂಬ ಬೆಳಕಿನ ಮದ್ದು ಬಳಕೆಯಲ್ಲಿರುವುದು ಅಂಥವರಿಗೇ.

ಇದನ್ನು ಇಲ್ಲಿ ಮಾಡುವ ಕೈ ಇಲ್ಲವೇ? ಕೊಬ್ಬಿನ ಗುಳ್ಳೆಯಲ್ಲಿ ಕ್ಯಾನ್ಸರ್ ಔಷಧಿ ತುಂಬುವುದು ಭಾರತಕ್ಕೆ ಹೊಸದಲ್ಲ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಎಂಬ ಅಂಥ ಔಷಧಿಗೆ ಕೊರತೆ ಬಿದ್ದಾಗ, ಸನ್ ಫಾರ್ಮಾದ ಲಿಪೊಡಾಕ್ಸ್ ತರಿಸಿಕೊಳ್ಳಲು ಅಲ್ಲಿನ ಸರ್ಕಾರ ಅನುಮತಿ ಕೊಟ್ಟಿತು. ವೈಟ್‌ಫೀಲ್ಡ್, ಕಾಡುಗೋಡಿಯಲ್ಲಿ ವಿಪ್ರೊ ಜಿಇ ವರ್ಷಗಳಿಂದ ಸ್ಕ್ಯಾನಿಂಗ್ ಯಂತ್ರ ಮಾಡುತ್ತಿದೆ. ಎಲ್‌ಇಡಿ ಕೂರಿಸುವ ಅಲ್ಯೂಮಿನಿಯಂ ಕವಚ, ಶಾಖ ಹೊರಹಾಕುವ ರೆಕ್ಕೆ, ಬಾಯಿಗೆ ತೂರುವ ಸ್ಟೀಲ್ ಕೊಳವೆ, ಇಂಥವನ್ನು ಕೂದಲೆಳೆಯ ಅಳತೆಗೆ ಕೊರೆದು ಕೊಡುವ ಸಿಎನ್‌ಸಿ ಅಂಗಡಿಗಳು ಪೀಣ್ಯದ ಗಲ್ಲಿಗೆ ಹತ್ತು. ಕೊರತೆ ಇರುವುದು ಇವರೆಲ್ಲರನ್ನು ಒಂದು ಮೇಜಿಗೆ ಕೂರಿಸಿ, ಐದಾರು ವರ್ಷ ರೋಗಿಗಳನ್ನು ಹಿಂಬಾಲಿಸಿ, ಮಚ್ಚೆ ಮರಳಿತೋ ಇಲ್ಲವೋ ಎಂದು ಬರೆದಿಡುವ ತಾಳ್ಮೆಯ ಪ್ರಯೋಗದಲ್ಲಿ. ಅದಕ್ಕೆ ದುಡ್ಡು ಹಾಕುವವರು ಕಡಿಮೆ, ಮಚ್ಚೆ ಇರುವವರು ಹೆಚ್ಚಾಗಿ ದಿನಗೂಲಿಯವರು.

ಈ ನಡುವೆ ‘ನ್ಯಾನೊ’, ‘ಲೇಸರ್’ ಎಂಬ ಪದ ಹಚ್ಚಿ ನೋವಿಲ್ಲದ ಕ್ಯಾನ್ಸರ್ ಚಿಕಿತ್ಸೆ ಎಂದು ಯಾರಾದರೂ ಲಕ್ಷಗಳಲ್ಲಿ ಪ್ಯಾಕೇಜ್ ಹೇಳಿದರೆ, ಮುಂಗಡ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಇದು ಒಪ್ಪಿಗೆ ಸಿಕ್ಕ ಔಷಧಿಯೋ, ಪ್ರಯೋಗವೋ? ಪ್ರಯೋಗವಾದರೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ಅದರ ನೋಂದಣಿ ಸಂಖ್ಯೆ ಇರಲೇಬೇಕು. 2009ರ ಜೂನ್‌ನಿಂದ ಇದು ಕಡ್ಡಾಯ. ಸಂಖ್ಯೆ ಹಾಕಿ ಯಾರು ಬೇಕಾದರೂ ಹುಡುಕಿ ನೋಡಬಹುದು, ಯಾವ ಆಸ್ಪತ್ರೆ, ಎಷ್ಟು ರೋಗಿಗಳು, ಯಾವ ಹಂತ ಎಲ್ಲ ಅಲ್ಲಿರುತ್ತದೆ. ಪ್ರಯೋಗದ ಔಷಧಿಗೆ ರೋಗಿಯಿಂದ ದುಡ್ಡು ಕೇಳುವ ಪದ್ಧತಿಯೂ ಇಲ್ಲ. ಇನ್ನು ಎರಡು ಮೂರು ವಾರವಾದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಖಾರ ತಿಂದರೆ ಉರಿಯುವ ಕೆನ್ನೆ, ಮೂರು ಬೆರಳು ಒಟ್ಟಿಗೆ ಹಿಡಿಸದ ಬಾಯಿ, ಇವುಗಳಿಗೆ ಯಾವ ನ್ಯಾನೊಕಣಕ್ಕೂ ಕಾಯಬೇಕಾಗಿಲ್ಲ. ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿಗೋ, ಕಿದ್ವಾಯಿಗೋ, ಹತ್ತಿರದ ಯಾವುದೇ ಡೆಂಟಲ್ ಕಾಲೇಜಿಗೋ ಹೋಗಿ ಬಾಯಿ ತೆರೆದು ತೋರಿಸಿದರೆ, ಮೊದಲ ಪರೀಕ್ಷೆಗೆ ಅವರಿಗೆ ಬೇಕಾಗುವುದು ಒಂದು ಸಾದಾ ಟಾರ್ಚು, ಒಂದು ಜೊತೆ ಕೈಗವಸು.